ತೋರಣ ಲಕ್ಷಣ ಸಂಗ್ರಹ

ತೋರಣದ ಬಗ್ಗೆ ನಮ್ಮ ಹಿರಿಯರು ಏನೂ ಬರೆದಿಟ್ಟಿಲ್ಲ ಎಂದರೆ ಅಪಚಾರವಾದೀತು. ಶಿಲ್ಪಶಾಸ್ತ್ರದವರು ಬೇಕಾದಷ್ಟು ಬರೆದಿದ್ದಾರೆ. ಆದರೆ ಬರೆದದ್ದೆಲ್ಲ ಕಲ್ಲಿನ ತೋರಣದ ಮೇಲೆ. ಸಾಂಚಿಯ ಸ್ತೂಪಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ತೋರಣ. ವಾರಂಗಲ್ಲಿನ ಕಾಕತೀಯರ ತೋರಣ ತೆಲಂಗಾಣದ ರಾಜ್ಯ ಲಾಂಛನಕ್ಕೇ ಏರಿತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮಕರತೋರಣ ನೋಡಿ ಕತ್ತು ನೋಯಿಸಿಕೊಳ್ಳದ ಪ್ರವಾಸಿಗನಿಲ್ಲ. ಇವನ್ನು ಕಾಯಲು ಪುರಾತತ್ವ ಇಲಾಖೆಯಿದೆ, ವಿವರಿಸಲು ಗೈಡುಗಳಿದ್ದಾರೆ. ಹಬ್ಬದ ಬೆಳಿಗ್ಗೆ ಸ್ಟೂಲಿನ ಮೇಲೆ ನಿಂತು, ದಾರದ ಒಂದು ತುದಿಯನ್ನು ಮೊಳೆಗೆ ಸುತ್ತಿ ಇನ್ನೊಂದನ್ನು ಹಲ್ಲಲ್ಲಿ ಕಚ್ಚಿಕೊಂಡು, "ಎಡಗಡೆ ಇಳಿದಿದೆ ಕಣ್ರೀ" ಎಂಬ ಅಡುಗೆಮನೆಯ ಅಪ್ಪಣೆಗೆ ಗೋಣು ಹಾಕುತ್ತ ಗೃಹಸ್ಥನು ಕಟ್ಟುವ ಮಾವಿನೆಲೆಯ ತೋರಣಕ್ಕೆ ಮಾತ್ರ ಇದುವರೆಗೆ ಒಂದು ಶಾಸ್ತ್ರವಿಲ್ಲ. ಆ ಕೊರತೆ ನೀಗಲೆಂದು ಈ ಸಂಗ್ರಹ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ಈ ಶಾಸ್ತ್ರದ ವಿಷಯ, ಮನೆಬಾಗಿಲಿನ ತೋರಣ. ಅಧಿಕಾರಿ, ಸ್ಟೂಲು ಹತ್ತಿದರೆ ತಲೆ ಸುತ್ತದವನು. ಸಂಬಂಧ, ಮೊಳೆಗೂ ದಾರಕ್ಕೂ ಇರತಕ್ಕದ್ದು. ಪ್ರಯೋಜನ ಎರಡು ಬಗೆ: ದೃಷ್ಟ ಮತ್ತು ಅದೃಷ್ಟ. ಮನೆಗೆ ಮಂಗಳವಾಗುವುದು ಅದೃಷ್ಟ ಪ್ರಯೋಜನ. ಹಬ್ಬದ ದಿನ ಕಾಯಿ ತುರಿಯುವ ಕೆಲಸದಿಂದ ಒಂದು ಗಂಟೆ ತಪ್ಪಿಸಿಕೊಳ್ಳುವುದು ದೃಷ್ಟ ಪ್ರಯೋಜನ.

ಪ್ರಥಮ ಪ್ರಕರಣ: ಲಕ್ಷಣ

ತೋರಣವೆಂದರೇನು? "ಬಾಗಿಲಿಗೆ ಕಟ್ಟಿದ ಎಲೆಸಾಲೇ ತೋರಣ" ಎಂದು ಒಂದು ಮತ. ಇದಕ್ಕೆ ಅವ್ಯಾಪ್ತಿ ದೋಷ ತಗಲುತ್ತದೆ. ಆಯುಧಪೂಜೆಯ ದಿನ ಬಸ್ಸಿನ ಮೂತಿಗೂ ಟ್ರ್ಯಾಕ್ಟರಿಗೂ ಅಚ್ಚುಕೂಟದ ಯಂತ್ರಕ್ಕೂ ತೋರಣ ಕಟ್ಟುತ್ತೇವೆ. ಆಟೋರಿಕ್ಷಾಕ್ಕಂತೂ ಬಾಗಿಲೇ ಇಲ್ಲ. "ದಾರಕ್ಕೆ ಪೋಣಿಸಿ ಬಾಗಿಲ ಮೇಲೆ ತೂಗುಬಿಟ್ಟದ್ದು ತೋರಣ" ಎಂದು ಇನ್ನೊಂದು ಮತ. ಇಲ್ಲಿ ಅತಿವ್ಯಾಪ್ತಿ. ಅಂಗಡಿಯ ಮುಂದಿನ ನಿಂಬೆಹಣ್ಣು ಮೆಣಸಿನಕಾಯಿಯ ಸರವೂ, ಅದರ ಪಕ್ಕದಲ್ಲೇ ಜೋಲುವ ಶಾಂಪೂ ಪೊಟ್ಟಣಗಳ ಸಾಲೂ ತೋರಣವಾಗಿಬಿಡುತ್ತವೆ. "ಸದಾ ಹಸಿರಾಗಿರುವುದು ತೋರಣ" ಎನ್ನುವವರೂ ಇದ್ದಾರೆ. ಅವರು ಪ್ಲಾಸ್ಟಿಕ್ ವ್ಯಾಪಾರಿಗಳು. ಕಿತ್ತ ಎಲೆ ಸದಾ ಹಸಿರಾಗಿರುವುದು ಎಲ್ಲೂ ಕಂಡಿಲ್ಲವಾದ್ದರಿಂದ ಆ ಲಕ್ಷಣಕ್ಕೆ ಅಸಂಭವ ದೋಷ. ಅವರ ಖಂಡನೆ ಮುಂದೆ ಪ್ರತ್ಯೇಕ ಪ್ರಕರಣದಲ್ಲಿ ಬರುತ್ತದೆ.

ಹಾಗಾದರೆ ಸಿದ್ಧಾಂತ ಲಕ್ಷಣ ಇದು: ಹಬ್ಬದ ದಿನ ಹಸಿರಾಗಿ ಏರಿ, ಹಬ್ಬ ಕಳೆದ ಮೇಲೆ ಒಣಗಿ, ಮುಂದಿನ ಹಬ್ಬಕ್ಕೆ ಇಳಿಯತಕ್ಕದ್ದು ತೋರಣ. ಏರುವುದು, ಒಣಗುವುದು, ಇಳಿಯುವುದು ಮೂರೂ ಬೇಕು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದು ಯಾರ ನೆರವೂ ಇಲ್ಲದೆ ನಡೆದುಹೋಗುತ್ತದೆ. ಮೂರನೆಯದರಲ್ಲೇ ಗೃಹಸ್ಥಾಶ್ರಮದ ಪರೀಕ್ಷೆ.

ದ್ವಿತೀಯ ಪ್ರಕರಣ: ದ್ರವ್ಯಭೇದ

ತೋರಣದ ದ್ರವ್ಯಗಳಲ್ಲಿ ಮಾವು ಮುಖ್ಯ, ಮಿಕ್ಕವು ಗೌಣ. ಆಲ, ಅರಳಿ, ಅತ್ತಿ, ಬಸರಿ, ಮಾವು ಎಂದು ಪಂಚಪಲ್ಲವಗಳನ್ನು ಹೇಳುತ್ತಾರಾದರೂ ಬಾಗಿಲಿನ ಮಟ್ಟಿಗೆ ಮಾವಿಗೇ ಪಟ್ಟ. ಕಾರಣ ಭಕ್ತಿಯಷ್ಟೇ ಅಲ್ಲ. ಬಲಿತ ಮಾವಿನೆಲೆ ದಪ್ಪ, ಬಿರುಸು. ಮೈಮೇಲೆ ಮೇಣದ ಪದರವಿರುವುದರಿಂದ ನೀರು ನಿಧಾನವಾಗಿ ಆರುತ್ತದೆ. ಬೆಳಿಗ್ಗೆ ಕಟ್ಟಿದ್ದು ಸಂಜೆ ಬರುವ ನೆಂಟರಿಗೂ ಮರ್ಯಾದೆಯಾಗಿ ಕಾಣುತ್ತದೆ. ತೊಟ್ಟು ಗಟ್ಟಿ, ಹಾಗಾಗಿ ದಾರಕ್ಕೆ ಜಗ್ಗುವುದಿಲ್ಲ.

ಮಾವಿನೆಲೆಯಲ್ಲಿ ಮತ್ತೆ ಮೂರು ವಯೋಭೇದ. ತಾಮ್ರಬಣ್ಣದ ಚಿಗುರು ಬಾಲ. ನೋಡಲು ಬಲು ಚೆಂದ. ಮೇಣದ ಪದರ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಪೂಜೆ ಮುಗಿಯುವುದರೊಳಗೆ ಜೋತುಬೀಳುತ್ತದೆ. ಕಪ್ಪುಹಸಿರಿನ, ಅಂಚಿನಲ್ಲಿ ಕಲೆಬಿದ್ದ, ಧೂಳು ಕೂತ ಎಲೆ ವೃದ್ಧ; ಮಡಿಸಿದರೆ ಲಟಕ್ಕೆಂದು ಮುರಿಯುತ್ತದೆ. ಇವೆರಡರ ನಡುವಿನ, ಬಣ್ಣ ತಿರುಗಿ ಹೊಳಪು ಉಳಿಸಿಕೊಂಡ ಎಲೆಯೇ ಪ್ರಶಸ್ತ. ಸಂಶಯವಿದ್ದರೆ ಎಲೆಯನ್ನು ಬೆರಳ ಸುತ್ತ ಬಗ್ಗಿಸಿ ನೋಡುವುದು. ಮುರಿಯದೆ ಬಾಗಿ, ಬಿಟ್ಟೊಡನೆ ನೆಟ್ಟಗಾಗುವುದೇ ಕಟ್ಟಲು ಯೋಗ್ಯ.

ಎಲೆ ಕೀಳುವವನಿಗೆ ಎರಡು ಎಚ್ಚರಿಕೆ. ಒಂದು, ತೊಟ್ಟು ಮುರಿದಾಗ ಒಸರುವ ಸೊನೆ. ಮಾವು ಗೇರಿನ ಕುಲದ್ದು. ಸೊನೆ ತಾಗಿದರೆ ಕೆಲವರ ಚರ್ಮ ಸುಟ್ಟಂತಾಗುತ್ತದೆ, ಬಟ್ಟೆಯ ಮೇಲೆ ಕಲೆ ಕೂರುತ್ತದೆ. ಎರಡು, ಚಗಳಿ. ಈ ಕೆಂಪಿರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ಹಿಡಿದು, ಅವು ಒಸರುವ ರೇಷ್ಮೆಯೆಳೆಯಿಂದ ಎಲೆಗೆ ಎಲೆ ಹೊಲಿದು ಮರದಲ್ಲೇ ಗೂಡು ಕಟ್ಟುತ್ತವೆ. ಮಾವಿನೆಲೆಯನ್ನು ಮೊದಲು ಹೊಲಿದ ಕರ್ತೃಗಳು ಇವೇ ಇರಬೇಕು. ಕಚ್ಚುವುದರಲ್ಲೂ ಇವಕ್ಕೆ ಅಗ್ರಸ್ಥಾನ. ಮಲೆನಾಡಿನವರು ಇವನ್ನೇ ಚಟ್ನಿ ಅರೆದು ತಿಂದು ಸೇಡು ತೀರಿಸಿಕೊಳ್ಳುತ್ತಾರೆ. ಬಯಲುಸೀಮೆಯವರಿಗೆ ಆ ಪರಿಹಾರವೂ ಇಲ್ಲ.

ಇನ್ನು ಗೌಣ ದ್ರವ್ಯಗಳು. ಯುಗಾದಿಗೆ ಬೇವಿನ ಗೊಂಚಲು ಮಾವಿನ ನಡುನಡುವೆ ಸೇರುತ್ತದೆ. ಒಣಗಿದೊಡನೆ ಉದುರಿ ಹೊಸ್ತಿಲ ರಂಗೋಲಿಯ ಮೇಲೆ ಬೀಳುವುದು ಇದರ ಸ್ವಭಾವ. ಕರಾವಳಿಯಲ್ಲಿ ತೆಂಗಿನ ಎಳೆಗರಿಯನ್ನು ಸೀಳಿ, ಮಡಿಸಿ, ಹೆಣೆದು ಜೋಲುಬಿಡುತ್ತಾರೆ. ಅದರ ತಿಳಿಹಳದಿ ಬಣ್ಣಕ್ಕೆ ಬೇರೆ ಹೂವಿನ ಹಂಗಿಲ್ಲ. ಮಲೆನಾಡಿನಲ್ಲಿ ಅಡಿಕೆಯ ಹಿಂಗಾರ. ಉತ್ತರ ಕನ್ನಡದ ಚೌತಿಯಲ್ಲಿ ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲಿ ತೆಂಗು, ಅಡಿಕೆಗೊನೆ, ಕಾಡಿನ ಕಾಯಿ, ಹಿತ್ತಲ ಸೌತೆ ಎಲ್ಲಕ್ಕೂ ಜಾಗವುಂಟು. ಆ ಮನೆಯ ತೋಟದಲ್ಲಿ ಆ ವರ್ಷ ಏನೇನು ಬೆಳೆಯಿತೆಂದು ತಿಳಿಯಲು ತಲೆಯೆತ್ತಿ ನೋಡಿದರೆ ಸಾಕು.

ಧಾನ್ಯತೋರಣ ಇನ್ನೊಂದು ಪಂಗಡ. ದಕ್ಷಿಣ ಕನ್ನಡ, ಉಡುಪಿ ಕಡೆ ಕದಿರು ಕಟ್ಟುವ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಮಾವಿನೆಲೆ, ಅರಳಿ ಎಲೆಗಳ ಜೊತೆ ಸುತ್ತಿ ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತಾರೆ. ಕೊಡಗಿನವರು ಪುತ್ತರಿಯಲ್ಲಿ ಇದೇ ಕೆಲಸ ಮಾಡುತ್ತಾರೆ. ಈ ಪಂಗಡದ ತೋರಣಕ್ಕೆ ಒಣಗಿದರೆ ಅವಮಾನವಿಲ್ಲ, ಏಕೆಂದರೆ ಕದಿರು ಒಣಗಲೆಂದೇ ಹುಟ್ಟಿದ್ದು.

ಪುಷ್ಪವರ್ಗದಲ್ಲಿ ಚೆಂಡುಹೂವೇ ದೊರೆ. ಸನಾತನವೆಂದು ನಾವು ಭಾವಿಸಿರುವ ಈ ಹೂವಿನ ಮೂಲ ಮೆಕ್ಸಿಕೋ. ಅಲ್ಲಿನವರು ನವೆಂಬರ್ ಮೊದಲಲ್ಲಿ ತಮ್ಮ ಪಿತೃಗಳನ್ನು ನೆನೆಯುವ ದಿನಗಳಲ್ಲಿ ಇದೇ ಹೂವನ್ನು ರಾಶಿ ಸುರಿಯುತ್ತಾರೆ. ಸಾಗರ ದಾಟಿ ಬಂದು ನಮ್ಮ ಬಾಗಿಲು ಹಿಡಿದ ಮೇಲೆ ಅದರ ಕುಲಗೋತ್ರ ಯಾರೂ ಕೇಳಲಿಲ್ಲ, ಶಾಸ್ತ್ರವೂ ಕೇಳುವುದಿಲ್ಲ.

ಆಕಾರದಿಂದಲೂ ವಿಂಗಡಿಸಬಹುದು. ಬಿಗಿದು ಕಟ್ಟಿದ್ದು ರೇಖಾತೋರಣ, ನಡುವೆ ಜೋಲುಬಿಟ್ಟದ್ದು ಚಾಪತೋರಣ. ವೃತ್ತತೋರಣ ಕ್ರೈಸ್ತರದು: ತಂತಿಯ ಬಳೆಗೆ ಹಸಿರು ಕಡ್ಡಿ ಸುತ್ತಿ ಕ್ರಿಸ್ಮಸ್ಸಿಗೆ ಬಾಗಿಲ ಮೇಲೆ ತೂಗುಹಾಕುವಂಥದ್ದು. ಇದರ ದಾಯಾದಿಯೊಂದು ಮೇಜಿನ ಮೇಲೆ ಮಲಗಿರುತ್ತದೆ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವೀಖರ್ನ್ ಎಂಬ ಪಾದ್ರಿ, ಹಬ್ಬ ಯಾವಾಗ ಎಂದು ಕಾಯುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರದ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿ ದಿನಕ್ಕೊಂದು ಹೊತ್ತಿಸಿದ. ಹಸಿರು ಆಮೇಲೆ ಸೇರಿತು. ಈಗ ನಾಲ್ಕು ಭಾನುವಾರಕ್ಕೆ ನಾಲ್ಕು ಬತ್ತಿ. ಒಟ್ಟಿನಲ್ಲಿ ಅವರ ಚಕ್ರ ಹಬ್ಬ ಬರಲು ಎಷ್ಟು ದಿನ ಉಳಿದಿದೆ ಎಂದು ಹೇಳುತ್ತದೆ, ನಮ್ಮ ತೋರಣ ಹಬ್ಬ ಹೋಗಿ ಎಷ್ಟು ದಿನವಾಯಿತು ಎಂದು ಹೇಳುತ್ತದೆ. ಎರಡೂ ಪಂಚಾಂಗವೇ.

ತೃತೀಯ ಪ್ರಕರಣ: ಬಂಧಭೇದ

ದಾರಗಳಲ್ಲಿ ಸೆಣಬಿನ ಸುತ್ತಲಿ ಉತ್ತಮ, ಬಾಳೆನಾರು ಸಾತ್ವಿಕ, ಬೀಡಿಂಗ್ ತಂತಿ ರಾಜಸ, ಕೊರಿಯರ್ ಪೊಟ್ಟಣದಿಂದ ಬಿಚ್ಚಿಟ್ಟುಕೊಂಡ ಪ್ಲಾಸ್ಟಿಕ್ ದಾರ ತಾಮಸ. ಎಲೆ ಕಟ್ಟುವ ಬಂಧಗಳು ನಾಲ್ಕು.

ಸ್ವಯಂಬಂಧ ಮೊದಲನೆಯದು. ಒದ್ದೆ ಬಟ್ಟೆಯಲ್ಲಿ ಒರೆಸಿದ ಎಲೆಯ ತುದಿ ಕೆಳಗೆ, ಹೊಳೆಯುವ ಮೈ ಹೊರಗೆ ಬರುವಂತೆ ಹಿಡಿಯಬೇಕು. ತೊಟ್ಟಿನ ಕಡೆಯ ಮೂರನೇ ಒಂದು ಪಾಲನ್ನು ದಾರದ ಮೇಲಿಂದ ಹಿಂದಕ್ಕೆ ಮಡಿಸಬೇಕು. ಹಿಂದೆ ಬಂದ ತೊಟ್ಟನ್ನು ನಡುನರದ ಪಕ್ಕದಲ್ಲಿ ಎಲೆಗೇ ಚುಚ್ಚಿ ಮುಂದಕ್ಕೆ ಎಳೆಯಬೇಕು. ಟಪ್ ಎಂದು ಸಣ್ಣ ಸದ್ದಾಗುತ್ತದೆ, ಎಲೆ ತನ್ನನ್ನು ತಾನೇ ಗುಂಡಿ ಹಾಕಿಕೊಳ್ಳುತ್ತದೆ. ನರಕ್ಕೇ ಚುಚ್ಚಿದರೆ ತೊಟ್ಟು ಮುರಿಯುತ್ತದೆ, ಅಂಚಿಗೆ ಚುಚ್ಚಿದರೆ ಎಲೆ ಹರಿಯುತ್ತದೆ. ಹೊರಗಿನ ಪದಾರ್ಥ ಒಂದೂ ಬೇಡದ ಕಾರಣ ಇದೇ ಸರ್ವೋತ್ತಮ.

ಕಡ್ಡಿಬಂಧ ಎರಡನೆಯದು. ಮಡಿಸಿದ ಎಲೆಯನ್ನು ತೆಂಗಿನ ಗರಿಯ ಕಡ್ಡಿಯ ತುಂಡಿನಿಂದ ಹೆಣೆಯುವುದು. ಕಡ್ಡಿ ಹೊಸ ಪೊರಕೆಯದಾಗಿರಬೇಕೆಂಬ ನಿಯಮವಿದೆ. ಮನೆಯೊಡತಿ ನೋಡದಿದ್ದಾಗ ನಿಯಮ ಸಡಿಲವಾಗುವುದೂ ಇದೆ. ಹುರಿಬಂಧ ಮೂರನೆಯದು, ಚಪ್ಪರದವರದು. ತೆಂಗಿನ ನಾರಿನ ಹಗ್ಗದ ಹುರಿ ಬಿಚ್ಚಿ, ಸಂದಿಗೆ ತೊಟ್ಟು ತುರುಕಿ ಬಿಟ್ಟರೆ ಹುರಿಯೇ ಕಚ್ಚಿಕೊಳ್ಳುತ್ತದೆ. ಮದುವೆಮನೆಗೆ ಮಾರುಗಟ್ಟಲೆ ತೋರಣ ಬೇಕಾದಾಗ ಇದಕ್ಕಿಂತ ವೇಗದ ದಾರಿಯಿಲ್ಲ.

ನಾಲ್ಕನೆಯದು ಸ್ಟೇಪ್ಲರ್ ಬಂಧ. ಆಫೀಸಿನಿಂದ ಮನೆಗೆ ಬಂದ ಈ ಪದ್ಧತಿ ನೋಡಲು ಸುಲಭ, ಪರಿಣಾಮದಲ್ಲಿ ದುಷ್ಟ. ಎಲೆ ಒಣಗಿ ಪುಡಿಯಾದ ಮೇಲೆ ಪಿನ್ನು ಹೊಸ್ತಿಲಿಗೆ ಬೀಳುತ್ತದೆ, ಬರಿಗಾಲಿಗೆ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಪಾಪ ಬೀದಿಯಲ್ಲಿದೆ. ಇಳಿಸಿ ಎಸೆದ ತೋರಣವನ್ನು ಹಸು ತಿನ್ನುತ್ತದೆ. ಹಸು ಮೊದಲು ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ, ಬಾಯಲ್ಲಿ ಆರಿಸುವುದಿಲ್ಲ. ಹೊಟ್ಟೆ ಸೇರಿದ ಪಿನ್ನು, ತಂತಿ, ಮೊಳೆಗಳು ಎರಡನೆಯ ಕೋಣೆಯಲ್ಲಿ ತಂಗಿ, ಅದರ ಗೋಡೆ ಚುಚ್ಚಿ, ಮುಂದಿರುವ ಹೃದಯದವರೆಗೂ ಹೋಗಬಲ್ಲವು. ಪಶುವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ಕಾಯಿಲೆ. ಬಾಗಿಲಿಗೆ ಮಂಗಳ ಕಟ್ಟಿ ಗೋವಿಗೆ ಮೃತ್ಯು ಕಳಿಸುವ ಬಂಧವನ್ನು ಈ ಶಾಸ್ತ್ರ ಅನುಮತಿಸುವುದಿಲ್ಲ.

ಸಂಖ್ಯಾವಿಚಾರ: ಎಲೆಗಳು ಬೆಸವಾಗಿರಬೇಕೆಂಬುದು ಬಹುಜನರ ಮತ. ಮೂರಡಿಯ ಬಾಗಿಲಿಗೆ ಎರಡಂಗುಲಕ್ಕೊಂದರಂತೆ ಹದಿನೆಂಟು ಹಿಡಿಸುತ್ತವೆ. ಆಗ ಹದಿನೇಳೋ ಹತ್ತೊಂಬತ್ತೋ ಎಂಬ ಜಿಜ್ಞಾಸೆ ಏಳುತ್ತದೆ. ಒಂದು ಎಲೆ ಹರಿದೇ ಹರಿಯುವುದರಿಂದ ಜಿಜ್ಞಾಸೆ ತಾನಾಗಿ ಹದಿನೇಳಕ್ಕೆ ಇತ್ಯರ್ಥವಾಗುತ್ತದೆ.

ಚತುರ್ಥ ಪ್ರಕರಣ: ಕರ್ತೃಭೇದ

ಕಟ್ಟುವವರು ನಾಲ್ಕು ಬಗೆ. ಹಿಂದಿನ ರಾತ್ರಿಯೇ ಪೋಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮಲಗುವವನು ದೀರ್ಘದರ್ಶಿ. ಪುರೋಹಿತರ ಸ್ಕೂಟರ್ ಸದ್ದು ಕೇಳಿದ ಮೇಲೆ ಮೊಳೆ ಹುಡುಕುವವನು ಸದ್ಯೋಮುಖ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೋ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಹೂವಿನವಳ ಹತ್ತಿರ ಕಟ್ಟಿದ ತೋರಣವನ್ನೇ ಕೊಂಡು ತರುವವನು ಕ್ರೇತೃ. "ಹಬ್ಬದ ದಿನ ಚೌಕಾಸಿ ಮಾಡ್ತೀರಲ್ಲ ಸ್ವಾಮಿ" ಎಂಬ ಮಾತು ಕೇಳಿದ ಮೇಲೆ ಇವನ ಅಧಿಕಾರ ಪೂರ್ಣವಾಗುತ್ತದೆ. ನಸುಕಿನಲ್ಲಿ ಪಕ್ಕದ ಮನೆಯ ಮರದ ಕೆಳಗೆ ವಾಯುವಿಹಾರ ಮಾಡುವವನು ಚೋರ. ಯುಗಾದಿಯ ಹಿಂದಿನ ದಿನ ರಸ್ತೆಬದಿಯ ಮಾವಿನ ಮರಗಳು ಆಳೆತ್ತರದವರೆಗೆ ಬೋಳಾಗುವುದು ಈ ವರ್ಗದ ಸಂಖ್ಯಾಬಲಕ್ಕೆ ಪ್ರಮಾಣ. ಇವನ ದಂಡನೆಯನ್ನು ಚಗಳಿಗಳಿಗೇ ವಹಿಸಲಾಗಿದೆ.

ಇವರಲ್ಲದೆ ಸಾಕ್ಷಿ ಎಂಬ ಐದನೆಯವನುಂಟು. ಸ್ಟೂಲು ಹಿಡಿದುಕೊಳ್ಳುವ ನೆಪದಲ್ಲಿ ಕೆಳಗೆ ನಿಂತು ಸಲಹೆ ಕೊಡುವುದು ಇವನ ಕೆಲಸ. ಇವನು ಕರ್ತೃವೂ ಅಲ್ಲ, ಭೋಕ್ತೃವೂ ಅಲ್ಲ. ತೋರಣ ಸೊಟ್ಟಗಾದರೆ ಮಾತ್ರ "ನಾನು ಆಗಲೇ ಹೇಳಿದ್ದೆ" ಎನ್ನುತ್ತಾನೆ.

ಪಂಚಮ ಪ್ರಕರಣ: ಅವಸ್ಥಾಭೇದ

ಏರಿದ ತೋರಣಕ್ಕೆ ಐದು ಅವಸ್ಥೆಗಳು: ಹಸಿರು, ಮಂಕು, ಸುರುಟು, ಕಂದು, ಪುಡಿ. ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗಿದೆ. "ಕಿತ್ತ ಮಾವಿನೆಲೆ ಬಾಗಿಲಲ್ಲಿದ್ದುಕೊಂಡೇ ದಿನಗಟ್ಟಲೆ ಆಮ್ಲಜನಕ ಬಿಡುತ್ತದೆ, ಹಿರಿಯರಿಗೆ ಅದು ಗೊತ್ತಿತ್ತು" ಎಂದು ಹಬ್ಬ ಹಬ್ಬಕ್ಕೂ ಫೋನಿಗೆ ಬರುವ ಸಂದೇಶವೇ ಈ ಪಕ್ಷದ ಮೂಲಗ್ರಂಥ. ಉತ್ತರ: ಕಿತ್ತ ಎಲೆ ತಕ್ಷಣ ಸಾಯುವುದಿಲ್ಲ ಎಂಬುದಷ್ಟು ನಿಜ. ಬೇರಿನಿಂದ ನೀರು ನಿಂತ ಮೇಲೆ ಎಲೆ ಇದ್ದ ನೀರನ್ನು ಉಳಿಸಿಕೊಳ್ಳಲು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಂಧ್ರ ಮುಚ್ಚಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಹೋಗದು, ಆಹಾರ ತಯಾರಿಕೆ ಕುಸಿಯುತ್ತದೆ. ಹದಿನೇಳು ಎಲೆಗಳನ್ನು ನಂಬಿ ಉಸಿರಾಡುವುದಕ್ಕಿಂತ ಕಿಟಕಿ ತೆರೆಯುವುದು ಲೇಸು. ಹಿರಿಯರು ಎಲೆ ಕಟ್ಟಿದ್ದು ಮನೆಯಲ್ಲಿ ಹಬ್ಬವೆಂದು ಊರಿಗೆ ತಿಳಿಸಲು. ಅದಕ್ಕೆ ಆಮ್ಲಜನಕದ ಶಿಫಾರಸು ಬೇಕಿಲ್ಲ.

ಅವಸ್ಥೆಗಳನ್ನು ಬಲ್ಲವನು ಬೀದಿಯಲ್ಲಿ ನಡೆದುಹೋಗುತ್ತಲೇ ಮನೆಗಳನ್ನು ಓದಬಲ್ಲ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ವ್ರತಕ್ಕೆ ಮುಂಚೆ ಪುಡಿ ಅವಸ್ಥೆಯ ತೋರಣ ಕಂಡರೆ ಅದು ಚೈತ್ರದ ಯುಗಾದಿಯದು. ನಾಲ್ಕು ತಿಂಗಳು ಆ ಮನೆಯಲ್ಲಿ ಯಾರೂ ಸ್ಟೂಲು ಹತ್ತಿಲ್ಲ. ಕಾರ್ತಿಕದಲ್ಲಿ ಹಸಿರಿನ ಹಿಂದೆ ಕಂದು, ಕಂದಿನ ಹಿಂದೆ ಬರೀ ತೊಟ್ಟು ಕಂಡರೆ ದೀಪಾವಳಿ, ದಸರಾ, ಚೌತಿ ಮೂರನ್ನೂ ಒಂದರ ಮೇಲೊಂದು ಕಟ್ಟಿದ ಸ್ತರತೋರಣ. ಎಲ್ಲ ಮೊಳೆಯೂ ಬೋಳಾಗಿದ್ದು ದಾರ ಸುತ್ತಿಟ್ಟಿದ್ದರೆ ಆ ಮನೆಯಲ್ಲಿ ಅಜ್ಜಿ ಇದ್ದಾರೆಂದು ಅನುಮಾನ ಪ್ರಮಾಣದಿಂದ ಸಿದ್ಧ.

ಷಷ್ಠ ಪ್ರಕರಣ: ಅಭಾವ

ತಾರ್ಕಿಕರು ಅಭಾವವನ್ನೂ ಒಂದು ಪದಾರ್ಥವೆಂದೇ ಎಣಿಸಿದರು. ಇದ್ದ ವಸ್ತುವನ್ನಷ್ಟೇ ವಿಂಗಡಿಸಿ ಇಲ್ಲದ್ದನ್ನು ಬಿಟ್ಟರೆ ಶಾಸ್ತ್ರ ಅರ್ಧವಾಗುತ್ತದೆ. ಮಾರುಕಟ್ಟೆಯ ಚೀಲದಲ್ಲಿ ಎಲೆಯಿದೆ, ಬಾಗಿಲಲ್ಲಿ ಇನ್ನೂ ಇಲ್ಲ, ಇದು ಪ್ರಾಗಭಾವ. ಎಲೆಯೆಲ್ಲ ಉದುರಿ ದಾರ ಮಾತ್ರ ಉಳಿದರೆ ಪ್ರಧ್ವಂಸಾಭಾವ. ಪರದೆ ತೋರಣವಲ್ಲ, ತೋರಣ ಪರದೆಯಲ್ಲ, ಇದು ಅನ್ಯೋನ್ಯಾಭಾವ. "ಗೋಡೆಗೆ, ದಾರಂದಕ್ಕೆ ಮೊಳೆ ಹೊಡೆಯಕೂಡದು" ಎಂದು ಮಾಲೀಕರು ಕರಾರುಪತ್ರದಲ್ಲೇ ಬರೆಸಿಕೊಂಡ ಬಾಡಿಗೆಮನೆಯಲ್ಲಿರುವುದು ಅತ್ಯಂತಾಭಾವ. ಅದಕ್ಕೂ ಅಂಟಿಸುವ ಕೊಕ್ಕೆ ಎಂಬ ಅಪವಾದ ಹುಟ್ಟಿದೆ. ಸರಿಯಾಗಿ ಮಂಗಳಾರತಿಯ ಹೊತ್ತಿಗೆ ಕಳಚಿಬೀಳುವುದು ಆ ಕೊಕ್ಕೆಯ ಸ್ವಭಾವ.

ಐದನೆಯದೊಂದನ್ನು ಕೆಲವು ತಾರ್ಕಿಕರು ಮಾತ್ರ ಒಪ್ಪುತ್ತಾರೆ: ಸಾಮಯಿಕಾಭಾವ, ಅಂದರೆ ಆದಿಯೂ ಅಂತ್ಯವೂ ಇರುವ ಇಲ್ಲದಿರುವಿಕೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಸಾಲುಮನೆಗಳ ಬೀದಿಯಲ್ಲಿ ಯುಗಾದಿಯ ದಿನ ಒಂದು ಬಾಗಿಲು ಮಾತ್ರ ಬರಿದಾಗಿದ್ದರೆ ಬಂದವರು ಕಾರಣ ಕೇಳುವುದಿಲ್ಲ. ಪಕ್ಕದ ಮನೆಯವರು ಒಬ್ಬಟ್ಟಿನ ತಟ್ಟೆ ಹಿಡಿದು ತಾವೇ ಅತ್ತ ಹೋಗುತ್ತಾರೆ. ಈ ಅಭಾವಕ್ಕೆ ಅರ್ಥ ಬರುವುದು ಅಕ್ಕಪಕ್ಕದ ಬಾಗಿಲುಗಳಲ್ಲಿ ಹಸಿರು ಇರುವುದರಿಂದ, ಮತ್ತು ಆ ಹಸಿರು ನಿನ್ನೆ ಇರಲಿಲ್ಲ ಎಂಬುದರಿಂದ.

ಸಪ್ತಮ ಪ್ರಕರಣ: ಕೃತಕ ಖಂಡನ

ಈಗ ಸದಾಹಸಿರುವಾದಿಗಳ ಸರದಿ. ಪ್ಲಾಸ್ಟಿಕ್ ಮಾವಿನೆಲೆ ಒಮ್ಮೆ ಕಟ್ಟಿದರೆ ವರ್ಷಾನುಗಟ್ಟಲೆ ಚಿಂತೆಯಿಲ್ಲ ಎಂಬುದು ಅವರ ವಾದ. ಆ ಚಿಂತೆಯಿಲ್ಲದಿರುವಿಕೆಯೇ ದೋಷ. ವರ್ಷವಿಡೀ ಇರುವ ತೋರಣ ಇವತ್ತು ಹಬ್ಬವೋ ಅಲ್ಲವೋ ಹೇಳಲಾರದು. ಯುಗಾದಿಗೂ ಅದೇ, ಅಮಾವಾಸ್ಯೆಗೂ ಅದೇ. ಹಿಂದಿನ ಪ್ರಕರಣದ ಬರಿದಾದ ಬಾಗಿಲು ಅದರ ನೆರಳಿನಲ್ಲಿ ಮಾತೇ ಕಳೆದುಕೊಳ್ಳುತ್ತದೆ. ಏರುವುದು, ಒಣಗುವುದು, ಇಳಿಯುವುದು ಮೂರರಲ್ಲಿ ಒಂದೇ ಒಂದು ಲಕ್ಷಣ ಅದಕ್ಕಿದೆ, ಅದೂ ಒಂದೇ ಸಲ.

ರಾಜಶಾಸನವನ್ನೂ ನೋಡೋಣ. ಕರ್ನಾಟಕ ಸರ್ಕಾರ 2016ರಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ ಸಾಮಗ್ರಿಗಳ ಪಟ್ಟಿಯಲ್ಲಿ ಬ್ಯಾನರ್, ಬಂಟಿಂಗ್, ಬಾವುಟಗಳಿವೆ. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ಪಟ್ಟಿಯಲ್ಲಿ ಅಲಂಕಾರದ ಥರ್ಮಕೋಲ್ ಇದೆ. ಬಾಗಿಲಿನ ಪ್ಲಾಸ್ಟಿಕ್ ಎಲೆ ಬಂಟಿಂಗೋ, ಬಾವುಟವೋ, ಬರೀ ಆಲಸ್ಯವೋ ಎಂಬ ವ್ಯಾಖ್ಯಾನವನ್ನು ನ್ಯಾಯಾಲಯಗಳಿಗೆ ಬಿಟ್ಟಿದ್ದೇವೆ.

ಬಟ್ಟೆಯ ತೋರಣ ಈ ಖಂಡನೆಗೆ ಒಳಪಡುವುದಿಲ್ಲ. ಕನ್ನಡಿ ಚೂರು, ಕವಡೆ ಕೂರಿಸಿ ಹೊಲಿಯುವ ಲಂಬಾಣಿ ಹೆಂಗಸರ ಬಾಗಿಲುಪಟ್ಟಿಗಳು ಕಲೆಯ ವರ್ಗದವು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮನೆಯ ಹೆಣ್ಣುಮಕ್ಕಳು ಹೆಣೆದ ಮಣಿ ತೋರಣವೂ ಹಾಗೆಯೇ. ಇವು ಒಣಗದಿದ್ದರೂ ಹಬ್ಬಕ್ಕೆ ಪೆಟ್ಟಿಗೆಯಿಂದ ಹೊರಬಂದು, ಮುಗಿದ ಮೇಲೆ ಒಗೆದು ಮಡಿಸಿಟ್ಟರೆ ಪೆಟ್ಟಿಗೆಗೆ ಮರಳುತ್ತವೆ. ಹಾಗೆ ಮರಳುವುದನ್ನೇ ಒಣಗುವುದಕ್ಕೆ ಪ್ರತಿನಿಧಿಯಾಗಿ ಸ್ವೀಕರಿಸಬಹುದು.

ಫಲಶ್ರುತಿ

ಈ ಸಂಗ್ರಹವನ್ನು ಓದಿದವರು ಮಾಡಬೇಕಾದದ್ದು ಇಷ್ಟೇ. ಬಾಗಿಲ ಮೇಲೆ ಹಳೆಯ ತೋರಣವಿದ್ದರೆ ಮುಂದಿನ ಹಬ್ಬ ಬರುವ ಮೊದಲೇ ಇಳಿಸಿ. ಎಲೆಯನ್ನು ದಾರದಿಂದ ಬಿಡಿಸಿ ಗಿಡದ ಬುಡಕ್ಕೆ ಹಾಕಿ, ದಾರವನ್ನು ಸುತ್ತಿ ಮೊಳೆಗೇ ತೂಗುಬಿಡಿ. ಪಿನ್ನು ಹೊಡೆದದ್ದಾದರೆ ಒಂದೊಂದನ್ನೂ ಎಣಿಸಿ ಕಿತ್ತ ಮೇಲಷ್ಟೇ ಹೊರಗೆ ಹಾಕಿ. ಪ್ಲಾಸ್ಟಿಕ್ಕಿನದಿದ್ದರೆ ಅದನ್ನೂ ಇಳಿಸಿ, ಮತ್ತೆ ಕೊಳ್ಳಬೇಡಿ. ಸ್ಟೂಲಿನ ಒಂದು ಕಾಲು ಗಿಡ್ಡವಾಗಿರುತ್ತದೆ. ಹತ್ತುವ ಮುಂಚೆ ಯಾರನ್ನಾದರೂ ಹಿಡಿದುಕೊಳ್ಳಲು ಕರೆಯಿರಿ, ಅವರ ಸಲಹೆಯನ್ನೂ ಸಹಿಸಿಕೊಳ್ಳಿ.